ಕುಲಿಯೋನ್: ಹಿಂದಿರುಗಿ ಬಾರದವರ ದ್ವೀಪ ಊರಾದ ಬಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಫಿಲಿಪ್ಪೀನ್ಸಿನ ಕುಲಿಯೋನ್ ಬಗ್ಗೆ ಎಲ್ಲಿ ಮಾತೆತ್ತಿದರೂ ಎದುರಿನವರ ಮುಖದಲ್ಲಿ ಮೊದಲು ಒಂದು ಹಿಂಜರಿಕೆ ಕಾಣುತ್ತದೆ, ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದವನ್ನು, ಕೇಳಿದವರ ಮಾತಿನಲ್ಲೇ ಇಟ್ಟು, ಇಲ್ಲಿ ಉತ್ತರಿಸಿದ್ದೇನೆ.

## ಮೊದಲ ಪರಿಚಯ

ಈ ಕುಲಿಯೋನ್ ಇರುವುದೆಲ್ಲಿ? ಹೆಸರಿಗೂ ನಮ್ಮ ‘ಕೂಲಿ’ಗೂ ಸಂಬಂಧ ಇದೆಯೇ?

ಸಂಬಂಧ ಇಲ್ಲ. ಕೊನೆಯ ಅಕ್ಷರಕ್ಕೆ ಒತ್ತು ಕೊಟ್ಟು ಕು-ಲಿ-ಯೋನ್ ಎನ್ನಬೇಕು. ಫಿಲಿಪ್ಪೀನ್ಸಿನ ಪಶ್ಚಿಮ ಅಂಚಿನ ಪಲವಾನ್ ಪ್ರಾಂತ್ಯದ ಉತ್ತರ ಭಾಗದಲ್ಲಿ ಕಲಮಿಯಾನೆಸ್ ಎಂಬ ದ್ವೀಪಗಳ ಗುಂಪಿದೆ. ಅದರಲ್ಲಿ ಬುಸುವಾಂಗ ಎಲ್ಲಕ್ಕಿಂತ ದೊಡ್ಡದು, ಕುಲಿಯೋನ್ ಎರಡನೆಯದು. ದ್ವೀಪಕ್ಕೂ ಅದೇ ಹೆಸರು, ಊರಿಗೂ ಅದೇ ಹೆಸರು. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 23 ಸಾವಿರ, ಅಂದರೆ ನಮ್ಮ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು.

ಅಷ್ಟು ಚಿಕ್ಕ ಊರು ಪ್ರಸಿದ್ಧವಾದದ್ದು ಯಾವುದಕ್ಕೆ?

ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಕುಷ್ಠರೋಗ ವಸಾಹತು ಇದ್ದದ್ದು ಇಲ್ಲಿ. 1906ರಲ್ಲಿ, ಆಗ ಫಿಲಿಪ್ಪೀನ್ಸನ್ನು ಆಳುತ್ತಿದ್ದ ಅಮೆರಿಕದ ಆಡಳಿತ ಅದನ್ನು ತೆರೆಯಿತು. 1930ರ ದಶಕದ ನಡುವಿನ ಹೊತ್ತಿಗೆ ಹತ್ತಿರಹತ್ತಿರ ಏಳು ಸಾವಿರ ರೋಗಿಗಳು ಒಟ್ಟಿಗೆ ಇಲ್ಲಿದ್ದರು. ಹೊರಗಿನವರು ಇದನ್ನು ಜೀವಂತ ಶವಗಳ ದ್ವೀಪ, ಹಿಂದಿರುಗಿ ಬಾರದವರ ದ್ವೀಪ ಎಂದೆಲ್ಲ ಕರೆದರು. ಕರೆದವರಲ್ಲಿ ಇಲ್ಲಿಗೆ ಬಂದು ನೋಡಿದವರು ಎಷ್ಟು ಮಂದಿಯೋ!

ಈಗ ಹೋದರೆ ರೋಗ ಅಂಟುವ ಭಯ ಇಲ್ಲವೇ?

ಇಲ್ಲ. ಕುಷ್ಠವನ್ನು ಉಂಟುಮಾಡುವುದು ಒಂದು ಬ್ಯಾಕ್ಟೀರಿಯಾ. 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಅದನ್ನು ಗುರುತಿಸಿದ. ಅದು ಬಹಳ ನಿಧಾನವಾಗಿ ಬೆಳೆಯುತ್ತದೆ. ಹೆಚ್ಚಿನ ಮನುಷ್ಯರಿಗೆ ಅದರ ವಿರುದ್ಧ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇರುತ್ತದೆ. ಮುಟ್ಟಿದ ಮಾತ್ರಕ್ಕೆ ಬರುವುದಿಲ್ಲ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೊಫಾಜಿಮಿನ್ ಸೇರಿದ ಬಹು ಔಷಧ ಚಿಕಿತ್ಸೆ 1980ರ ದಶಕದಲ್ಲಿ ಬಂದ ಮೇಲೆ ಇದು ಆರು ತಿಂಗಳಿಂದ ಒಂದು ವರ್ಷದಲ್ಲಿ ವಾಸಿಯಾಗುವ ಕಾಯಿಲೆ. ಕುಲಿಯೋನ್ ವಸಾಹತಿಗೆ ನೂರು ವರ್ಷ ತುಂಬಿದ 2006ರಲ್ಲಿ ದ್ವೀಪವನ್ನು ಕುಷ್ಠಮುಕ್ತ ಎಂದು ಘೋಷಿಸಲಾಯಿತು.

ನಮ್ಮಲ್ಲಿ ತೊನ್ನನ್ನೂ ಕುಷ್ಠವನ್ನೂ ಒಂದೇ ಎಂದುಕೊಳ್ಳುವವರು ಇನ್ನೂ ಇದ್ದಾರೆ. ತೊನ್ನು ಚರ್ಮದ ಬಣ್ಣ ಹೋಗುವುದಷ್ಟೇ. ಅದು ಯಾರಿಂದ ಯಾರಿಗೂ ಹರಡುವುದಿಲ್ಲ.

ತಲುಪುವುದು ಹೇಗೆ?

ಮನಿಲಾದಿಂದ ಬುಸುವಾಂಗ ದ್ವೀಪಕ್ಕೆ ವಿಮಾನ, ಅಲ್ಲಿಂದ ರಸ್ತೆಯಲ್ಲಿ ಕೊರೋನ್ ಪಟ್ಟಣ, ಅಲ್ಲಿಂದ ದೋಣಿ. ಕೊರೋನ್ ಪಟ್ಟಣ ಇರುವುದು ಬುಸುವಾಂಗ ದ್ವೀಪದಲ್ಲಿ, ಕೊರೋನ್ ದ್ವೀಪದಲ್ಲಲ್ಲ. ನಕ್ಷೆ ನೋಡಿ ತಬ್ಬಿಬ್ಬಾಗಬೇಡಿ. ಪ್ರವಾಸಿಗರಲ್ಲಿ ಬಹುಪಾಲು ಕೊರೋನಿನ ಸರೋವರ, ಹವಳದ ದಿಬ್ಬಗಳನ್ನು ನೋಡಿ ಅಲ್ಲಿಂದಲೇ ಮರಳುತ್ತಾರೆ. ಕುಲಿಯೋನ್‌ಗಾದರೆ ಒಂದು ರಾತ್ರಿ ಉಳಿಯುವಂತೆ ಹೋಗಿ. ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಕೋಟೆ ಸಿಗುತ್ತದೆ, ಊರು ಸಿಗುವುದಿಲ್ಲ.

## ಕೋಟೆ, ಹಡಗು, ಹದ್ದು

ಅಮೆರಿಕನ್ನರು ಬರುವ ಮುಂಚೆ ಅಲ್ಲಿ ಏನಿತ್ತು? ಬರಿಯ ಕಾಡೇ?

ಬರಿಯ ಕಾಡು ಎಂದು ಬರೆದಿಟ್ಟವರು ಅದನ್ನು ಖಾಲಿ ಮಾಡಿಸಬೇಕೆಂದಿದ್ದವರು. ಇಲ್ಲಿನ ಮೂಲನಿವಾಸಿಗಳು ತಗ್ಬನ್ವಾ ಜನ. ಮೀನುಗಾರಿಕೆ, ಬೇಸಾಯ, ಸಮುದ್ರದ ಸರಕು ಅವರ ಬದುಕು. 17ನೆಯ ಶತಮಾನದಲ್ಲಿ ಸ್ಪೇನಿನ ಅಗಸ್ಟೀನಿಯನ್ ರಿಕೊಲೆಕ್ಟ್ ಪಾದ್ರಿಗಳು ಕಲಮಿಯಾನೆಸ್‌ಗೆ ಬಂದರು. ಅದೇ ಕಾಲದಲ್ಲಿ ದಕ್ಷಿಣದ ಮಿಂಡನಾವೊ ಮತ್ತು ಸುಲು ಕಡೆಯ ದೋಣಿಪಡೆಗಳು ಈ ದ್ವೀಪಗಳ ಮೇಲೆ ದಾಳಿ ಮಾಡಿ ಜನರನ್ನು ಸೆರೆ ಹಿಡಿದು ಒಯ್ಯುತ್ತಿದ್ದವು. ಅದಕ್ಕಾಗಿಯೇ ಕುಯೋ, ತೈತೈ, ಲಿನಪಕಾನ್, ಕುಲಿಯೋನ್‌ಗಳಲ್ಲಿ ಕಲ್ಲಿನ ಕೋಟೆಗಳು ಎದ್ದವು. ಕುಲಿಯೋನಿನದು 18ನೆಯ ಶತಮಾನದ್ದು, ಕೋಟೆಯೊಳಗೇ ಚರ್ಚು. ಗಂಟೆ ಬಡಿದರೆ ಪ್ರಾರ್ಥನೆಗೂ ಬರಬೇಕು, ದಾಳಿಯಾದರೆ ಪ್ರಾಣ ಉಳಿಸಿಕೊಳ್ಳಲೂ ಅಲ್ಲಿಗೇ ಬರಬೇಕು.

ಈಗ ಕಾಣುವ ನಿರ್ಮಲ ಗರ್ಭಧಾರಣೆಯ ಮಾತೆಯ ಚರ್ಚು 1930ರ ದಶಕದಲ್ಲಿ ಮರುನಿರ್ಮಾಣಗೊಂಡದ್ದು. ಹಳೆಯ ಕೋಟೆಯ ಗೋಡೆಯ ಭಾಗ, ಸಮುದ್ರಕ್ಕೆ ಮುಖ ಮಾಡಿದ ಬುರುಜು, ಫಿರಂಗಿ ಉಳಿದಿವೆ.

ರೋಗಿಗಳನ್ನು ದ್ವೀಪಕ್ಕೆ ಸಾಗಿಸುವ ಯೋಚನೆ ಯಾರದು?

ಅಮೆರಿಕನ್ನರ ಎದುರಿಗೆ ಹವಾಯಿಯ ಮಾದರಿ ಇತ್ತು. ಅಲ್ಲಿ 1866ರಿಂದಲೇ ಮೊಲೊಕೈ ದ್ವೀಪದ ಕಲೌಪಪಕ್ಕೆ ರೋಗಿಗಳನ್ನು ಅಟ್ಟಲಾಗುತ್ತಿತ್ತು. ಫಿಲಿಪ್ಪೀನ್ಸಿನಲ್ಲಿ ಯೋಜನೆಯನ್ನು ಮುಂದಕ್ಕೆ ತಳ್ಳಿದವರು ಒಳಾಡಳಿತ ಕಾರ್ಯದರ್ಶಿ ಡೀನ್ ವೂಸ್ಟರ್ ಮತ್ತು ಆರೋಗ್ಯ ನಿರ್ದೇಶಕ ವಿಕ್ಟರ್ ಹೈಸರ್. 1906ರ ಮೇ 27ರಂದು ಸೆಬುವಿನಿಂದ 370 ರೋಗಿಗಳನ್ನು ಹೊತ್ತ ಎರಡು ಕರಾವಳಿ ಕಾವಲು ಹಡಗುಗಳು ಕುಲಿಯೋನಿಗೆ ಬಂದವು. ಅವರನ್ನು ಬರಮಾಡಿಕೊಂಡವರಲ್ಲಿ ಒಬ್ಬ ಜೆಸುಯಿಟ್ ಪಾದ್ರಿ, ಸಂತ ಪೌಲರ ಸಭೆಯ ಕೆಲವು ಫ್ರೆಂಚ್ ಸನ್ಯಾಸಿನಿಯರು ಇದ್ದರು.

ಮರುವರ್ಷ, 1907ರಲ್ಲಿ, 1711ನೆಯ ಸಂಖ್ಯೆಯ ಕಾಯ್ದೆ ಬಂತು. ಕುಷ್ಠವಿದೆ ಎಂದು ಅನುಮಾನ ಬಂದವರನ್ನು ಹಿಡಿಯುವ, ಪರೀಕ್ಷಿಸುವ, ಪ್ರತ್ಯೇಕಿಸುವ ಅಧಿಕಾರ ಆರೋಗ್ಯ ನಿರ್ದೇಶಕರಿಗೆ ಸಿಕ್ಕಿತು. ನೆರೆಯವನ ಒಂದು ದೂರು ಸಾಕಾಗುತ್ತಿತ್ತು. ಈ ಹಿಡಿಯುವ ಯಾತ್ರೆಗಳಲ್ಲಿ ಹೈಸರ್ ತಾನೇ ಊರೂರಿಗೆ ಹೋಗುತ್ತಿದ್ದ.

ಅಲ್ಲಿಗೆ ಹೋದವರು ಬದುಕಿದರೇ?

ಮೊದಲ ವರ್ಷಗಳ ಲೆಕ್ಕ ಭೀಕರವಾಗಿದೆ. 1910ರ ಕೊನೆಯ ಹೊತ್ತಿಗೆ ದಾಖಲಾಗಿದ್ದವರು 5,303. ಅವರಲ್ಲಿ 3,154 ಮಂದಿ ಸತ್ತಿದ್ದರು. ಕುಷ್ಠ ಹೀಗೆ ಬೇಗ ಕೊಲ್ಲುವ ರೋಗವಲ್ಲ. ಬಂದವರಲ್ಲಿ ಅನೇಕರು ಮೊದಲೇ ಸೊರಗಿಹೋಗಿದ್ದರು. ಸಾಲದು ಎಂಬಂತೆ ಬೇರೆ ಸೋಂಕುಗಳು, ಹೊಸ ಜಾಗದ ನೀರು ಮತ್ತು ಊಟ, ಊರು ಬಿಟ್ಟ ಕೊರಗು. ಈ ಅಂಕಿಯನ್ನು ಓದಿದ ಮೇಲೆ ‘ಮಾನವೀಯ ಯೋಜನೆ’ ಎಂಬ ಅಂದಿನ ಆಡಳಿತದ ಮಾತನ್ನು ಅದೇ ದನಿಯಲ್ಲಿ ಓದಲು ನನಗೆ ಸಾಧ್ಯವಾಗಿಲ್ಲ.

ಬೆಟ್ಟದ ಮೇಲಿನ ದೊಡ್ಡ ಹದ್ದು ಏನು?

ಇಳಿಜಾರಿನಲ್ಲಿ ಬಿಳಿ ಕಲ್ಲುಗಳಿಂದ ಮೂಡಿಸಿದ ಹದ್ದು ಫಿಲಿಪ್ಪೀನ್ಸ್ ಆರೋಗ್ಯ ಸೇವೆಯ ಲಾಂಛನ. ವಸಾಹತಿಗೆ 20 ವರ್ಷ ತುಂಬಿದ 1926ರಲ್ಲಿ ರೋಗಿಗಳೇ ಕಲ್ಲು ಹೊತ್ತು ಕಟ್ಟಿದರು. ಸ್ಥಳೀಯರು ಅಗಿಲಾ ಎನ್ನುತ್ತಾರೆ. ಹದ್ದಿಗೆ ಸ್ಪ್ಯಾನಿಷ್ ಪದ. ತಮ್ಮನ್ನು ಹಿಡಿದು ತಂದ ಇಲಾಖೆಯ ಮುದ್ರೆಯನ್ನು ಸಂವೇದನೆ ಕಳೆದುಕೊಂಡ ಬೆರಳುಗಳಿಂದ ಬೆಟ್ಟದ ಮೇಲೆ ಬರೆದವರ ಮನಸ್ಸಿನಲ್ಲಿ ಹೆಮ್ಮೆ ಇತ್ತೋ ವಿಧೇಯತೆ ಇತ್ತೋ ಎಂದು ಮೆಟ್ಟಿಲು ಹತ್ತುವಾಗ ಯೋಚಿಸಬಹುದು. ಮೇಲಿನಿಂದ ಕೊಲ್ಲಿಯ ನೋಟ ಚೆನ್ನಾಗಿದೆ.

## ಒಳಗಿನ ಬದುಕು

ಅದು ಆಸ್ಪತ್ರೆಯೋ, ಜೈಲೋ, ಊರೋ?

ಮೂರೂ. ಆಸ್ಪತ್ರೆ ಇತ್ತು, ಹೊರಹೋಗಲು ಅನುಮತಿ ಇರಲಿಲ್ಲ, ಆದರೂ ಒಳಗೆ ಒಂದು ಊರು ಬೆಳೆಯಿತು. ರೋಗಿಗಳು ನೀಪಾ ಗರಿಯ ಮನೆ ಕಟ್ಟಿಕೊಂಡರು, ಮೀನು ಹಿಡಿದರು, ಬಡಗಿ ಕೆಲಸ ಮಾಡಿದರು, ವಾದ್ಯಮೇಳ ಕಟ್ಟಿದರು. ರೋಗಿಗಳ ಸಲಹಾ ಮಂಡಳಿ ಇತ್ತು, ರೋಗಿಗಳದೇ ಪೊಲೀಸ್ ಪಡೆ ಇತ್ತು. ದೇಶದ ಮೂಲೆಮೂಲೆಯಿಂದ ಬಂದವರಾದ್ದರಿಂದ ಒಂದೇ ಬೀದಿಯಲ್ಲಿ ಸೆಬುವಾನೋ, ಇಲೊಕಾನೋ, ಹಿಲಿಗಯ್ನಾನ್, ತಗಲೊಗ್ ಭಾಷೆಗಳು ಕೇಳಿಸುತ್ತಿದ್ದವು.

ಊರು ಮಾತ್ರ ಎರಡು ಹೋಳು. ರೋಗಿಗಳದು ಒಂದು ಕಡೆ. ವೈದ್ಯರು, ಸಿಬ್ಬಂದಿ ಇದ್ದ ಬಲಾಲ ಇನ್ನೊಂದು ಕಡೆ. ರೋಗವಿಲ್ಲದವರನ್ನು ‘ಸಾನೋ’ ಎನ್ನುತ್ತಿದ್ದರು, ಸ್ಪ್ಯಾನಿಷ್‌ನಲ್ಲಿ ಆರೋಗ್ಯವಂತ ಎಂದರ್ಥ. ನಡುವೆ ಗೇಟು, ಗೇಟಿನಲ್ಲಿ ಕಾವಲು. ಮೈಲಿಗೆ ಎಂಬ ಪದ ಕನ್ನಡದಲ್ಲಿರುವ ನಮಗೆ ಈ ಏರ್ಪಾಡನ್ನು ಹೆಚ್ಚು ವಿವರಿಸಬೇಕಿಲ್ಲ.

ಕುಲಿಯೋನಿಗೇ ಬೇರೆ ನಾಣ್ಯ ಇತ್ತಂತೆ, ಹೌದೇ?

ಹೌದು. ರೋಗಿಗಳ ಕೈಯಿಂದ ಹಣ ಹೊರಗೆ ಹೋದರೆ ರೋಗವೂ ಹೋಗುತ್ತದೆ ಎಂಬ ಭಯದಿಂದ 1913ರಲ್ಲಿ ವಸಾಹತಿಗೆಂದೇ ನಾಣ್ಯ ಹೊರಬಂದವು. ಅರ್ಧ ಸೆಂಟಾವೊದಿಂದ ಒಂದು ಪೆಸೊವರೆಗೆ, ಮೊದಲ ಕಂತು ಅಲ್ಯುಮಿನಿಯಂನದು. ಸೋಂಕು ತೆಗೆಯುವ ರಾಸಾಯನಿಕದಲ್ಲಿ ಅದ್ದಿ ಅದ್ದಿ ಅವು ಸವೆದುಹೋದವು. ಮುಂದೆ ಮನಿಲಾ ಟಂಕಸಾಲೆ ತಾಮ್ರ-ನಿಕ್ಕಲ್ ನಾಣ್ಯಗಳನ್ನು ಅಚ್ಚುಹಾಕಿತು. 1930ರದು ಕೊನೆಯ ಸರಣಿ. ಇಂಥ ಏರ್ಪಾಡು ಇಲ್ಲಿ ಮಾತ್ರ ಇದ್ದದ್ದಲ್ಲ, ಕೊಲಂಬಿಯಾದಲ್ಲಿ ಇನ್ನೂ ಮೊದಲೇ ಇತ್ತು.

ನಾಣ್ಯದಿಂದ ಕುಷ್ಠ ಹರಡಿದ್ದಕ್ಕೆ ಆಧಾರ ಇಲ್ಲ. ಹರಡದ್ದನ್ನು ತಡೆಯಲು ಮಾಡಿದ ಆ ತುಂಡುಗಳನ್ನು ಇಂದು ಸಂಗ್ರಾಹಕರು ಪೈಪೋಟಿಯಿಂದ ಕೊಳ್ಳುತ್ತಾರೆ, ಬರಿಗೈಯಲ್ಲೇ ಹಿಡಿದು ನೋಡುತ್ತಾರೆ.

ಮದುವೆ ಆಗಲು ಬಿಡುತ್ತಿದ್ದರೇ?

ನಿಯಮ ಆಗಾಗ ಬದಲಾಯಿತು. ಕೆಲವು ಕಾಲ ಬಿಟ್ಟರು, ಕೆಲವು ಕಾಲ ತಡೆದರು. ಮಹಿಳೆಯರಿಗೆ ಸನ್ಯಾಸಿನಿಯರ ಮೇಲ್ವಿಚಾರಣೆಯ ಪ್ರತ್ಯೇಕ ವಸತಿಗೃಹಗಳಿದ್ದವು. 1932ರಲ್ಲಿ ಮದುವೆಯ ನಿಷೇಧದ ವಿರುದ್ಧ ಗಂಡಸರು ದಂಗೆಯೆದ್ದು ಆ ವಸತಿಗೃಹಕ್ಕೆ ನುಗ್ಗಿದರು. ಕುಲಿಯೋನಿನವರು ಇದನ್ನು ಮಂಚೂರಿಯಾ ದಂಗೆ ಎನ್ನುತ್ತಾರೆ. ಜಪಾನ್ ಮಂಚೂರಿಯಾಕ್ಕೆ ನುಗ್ಗಿದ ಸುದ್ದಿ ಆಗ ಬಿಸಿಯಾಗಿತ್ತು. ದ್ವೀಪದಲ್ಲಿ ಕೂಡಿಹಾಕಿದ್ದರೂ ಪ್ರಪಂಚದ ಸುದ್ದಿಯನ್ನು ತಮ್ಮ ಜಗಳಕ್ಕೆ ಹೆಸರಿಡಲು ಬಳಸುವಷ್ಟು ವಿನೋದ ಅವರಲ್ಲಿತ್ತು. ನುಗ್ಗಿಸಿಕೊಂಡ ಹೆಂಗಸರು ಅದನ್ನು ವಿನೋದ ಎಂದುಕೊಂಡಿರಲಾರರು ಎಂಬುದನ್ನೂ ಇಲ್ಲೇ ಹೇಳಬೇಕು.

ಹುಟ್ಟಿದ ಮಕ್ಕಳ ಗತಿ?

ಇದಕ್ಕೆ ಉತ್ತರಿಸುವುದು ಎಲ್ಲಕ್ಕಿಂತ ಕಷ್ಟ. ಕುಷ್ಠ ಹುಟ್ಟಿನಿಂದ ಬರುವುದಿಲ್ಲ, ಆದರೆ ಚಿಕ್ಕ ಮಕ್ಕಳಿಗೆ ತಗಲುವ ಸಾಧ್ಯತೆ ಹೆಚ್ಚು. ಹಾಗಾಗಿ ಕೂಸನ್ನು ಕೆಲವು ತಿಂಗಳಲ್ಲೇ ತಾಯಿಯಿಂದ ಬಿಡಿಸಿ ಬಲಾಲದ ಶಿಶುಗೃಹಕ್ಕೆ ಒಯ್ಯುತ್ತಿದ್ದರು. ತಾಯಿಗೆ ಆಮೇಲೆ ಸಿಗುತ್ತಿದ್ದದ್ದು ದೂರದ ನೋಟ ಮಾತ್ರ. ಸ್ವಲ್ಪ ದೊಡ್ಡವರಾದ ಮಕ್ಕಳನ್ನು ನೆಂಟರು ಕರೆದೊಯ್ಯಬೇಕು, ಇಲ್ಲವೇ ದತ್ತು ಹೋಗಬೇಕು, ಇಲ್ಲವೇ ಮನಿಲಾ ಬಳಿಯ ಸರ್ಕಾರಿ ಮಕ್ಕಳ ಆಶ್ರಮ ಸೇರಬೇಕು. ಹೀಗೆ ಹೋದವರಲ್ಲಿ ಎಷ್ಟೋ ಮಂದಿಗೆ ತಮ್ಮ ಹೆತ್ತವರು ಯಾರೆಂದೇ ತಿಳಿಯಲಿಲ್ಲ. ಇಂದಿಗೂ ಕುಲಿಯೋನಿನ ಕಡತಗಳಲ್ಲಿ ಅಜ್ಜ-ಅಜ್ಜಿಯ ಹೆಸರು ಹುಡುಕಿಕೊಂಡು ಜನ ಬರುತ್ತಾರೆ.

ಎರಡನೆಯ ಮಹಾಯುದ್ಧದಲ್ಲಿ ಏನಾಯಿತು?

ಅಕ್ಕಿ ಬರುತ್ತಿದ್ದದ್ದು ಹಡಗಿನಲ್ಲಿ. ಜಪಾನಿನ ಆಕ್ರಮಣವಾದ ಮೇಲೆ ಹಡಗು ನಿಂತಿತು. ಹಸಿವಿನಿಂದ ಸಾವಿರಕ್ಕೂ ಹೆಚ್ಚು ರೋಗಿಗಳು ಸತ್ತರು. ಕೈಲಾದವರು ದೋಣಿ ಹತ್ತಿ ಬೇರೆ ದ್ವೀಪಗಳಿಗೆ ಪರಾರಿಯಾದರು. ತಪ್ಪಿಸಿಕೊಂಡು ಹೋಗುವುದು ಅಪರಾಧವಾಗಿದ್ದ ಜಾಗದಲ್ಲಿ ಕೊನೆಗೆ ಬದುಕಿಗೆ ಉಳಿದದ್ದು ಅದೊಂದೇ ದಾರಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಅಲ್ಲಿನ ರೋಗಿಗಳು ಪ್ರಯೋಗದ ಇಲಿಗಳಾಗಿದ್ದರೇ?

ಇಷ್ಟು ಸರಳವಾಗಿ ಹೌದು ಎನ್ನಲಾರೆ, ಅಲ್ಲ ಎನ್ನಲೂ ಆರೆ. 1921ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಲಿಯೊನಾರ್ಡ್ ವುಡ್ ಕುಲಿಯೋನಿಗೆ ಹಣ, ವೈದ್ಯರು, ಪ್ರಯೋಗಾಲಯ ಒದಗಿಸಿದ. 1922ರಲ್ಲಿ ಬಂದ ರೋಗಶಾಸ್ತ್ರಜ್ಞ ಹರ್ಬರ್ಟ್ ವಿಂಡ್ಸರ್ ವೇಡ್ 1968ರಲ್ಲಿ ಸಾಯುವವರೆಗೂ ಕುಲಿಯೋನಿನವನಾಗಿಯೇ ಉಳಿದ. ಅವನ ಸಮಾಧಿ ಅಲ್ಲೇ ಇದೆ. ಕುಷ್ಠದ ಹಿಸ್ಟಾಯ್ಡ್ ಎಂಬ ಬಗೆಯನ್ನು ಮೊದಲು ವಿವರಿಸಿದವನು ಅವನೇ. ಭಾರತದ ಚರ್ಮವೈದ್ಯರಿಗೆ ಆ ಹೆಸರು ಚೆನ್ನಾಗಿ ಗೊತ್ತು. 1931ರಲ್ಲಿ ಮನಿಲಾದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕುಷ್ಠರೋಗ ಸಂಘದ ಪತ್ರಿಕೆಗೆ ಮೊದಲ ಸಂಪಾದಕನೂ ಅವನೇ.

ಜಗತ್ತಿಗೆ ಇಲ್ಲಿಂದ ತಿಳಿವಳಿಕೆ ಹೋದದ್ದು ನಿಜ. ಆದರೆ ಆ ಕಾಲದ ಮುಖ್ಯ ಚಿಕಿತ್ಸೆ ಚಾಲ್ಮೂಗ್ರಾ ಎಂಬ ಮರದ ಬೀಜದ ಎಣ್ಣೆಯ ಚುಚ್ಚುಮದ್ದು. ವಿಪರೀತ ನೋವು, ಕೀವುಗಡ್ಡೆ, ಅಷ್ಟಾಗಿಯೂ ಖಚಿತವಲ್ಲದ ಫಲ. ಪರೀಕ್ಷೆಯಲ್ಲಿ ‘ನೆಗೆಟಿವ್’ ಬಂದರೆ ಬಿಡುಗಡೆಯ ಆಸೆ ಇತ್ತು. ಬೀಗ ಹಾಕಿದ ದ್ವೀಪದಲ್ಲಿ, ಬಿಡುಗಡೆಯ ಕೀಲಿ ವೈದ್ಯನ ಸೂಕ್ಷ್ಮದರ್ಶಕದಲ್ಲಿರುವಾಗ, ರೋಗಿ ಕೊಟ್ಟ ಒಪ್ಪಿಗೆಗೆ ಎಷ್ಟು ಬೆಲೆ? ಬಿಡುಗಡೆಯಾದವರಲ್ಲೂ ಹಲವರಿಗೆ ರೋಗ ಮರುಕಳಿಸಿತು. ಇನ್ನು ಕೆಲವರನ್ನು ಊರು ಸೇರಿಸಿಕೊಳ್ಳಲಿಲ್ಲ, ಅವರು ತಾವಾಗಿಯೇ ಕುಲಿಯೋನಿಗೆ ವಾಪಸಾದರು.

ಕಡ್ಡಾಯ ಬಂಧನ ಕೊನೆಯಾದದ್ದು ಯಾವಾಗ?

ಒಮ್ಮೆಗೇ ಅಲ್ಲ. 1930ರ ಸುಮಾರಿಗೆ ಸೆಬು, ಇಲೊಯಿಲೊ ಮುಂತಾದೆಡೆ ಪ್ರಾದೇಶಿಕ ಚಿಕಿತ್ಸಾಲಯಗಳು ತೆರೆದು ಕುಲಿಯೋನಿನ ಮೇಲಿನ ಹೊರೆ ಇಳಿಯಿತು. ಯುದ್ಧಾನಂತರ ಕುಷ್ಠಕ್ಕೆ ಸಲ್ಫೋನ್ ಔಷಧಗಳು ಬಂದವು, ಡ್ಯಾಪ್ಸೋನ್ ಅದೇ ಗುಂಪಿನದು. 1952ರ ಕಾನೂನು ಮನೆಯಲ್ಲೇ ಚಿಕಿತ್ಸೆಗೆ ದಾರಿ ತೆರೆಯಿತು, 1964ರದು ಅದನ್ನು ಇನ್ನಷ್ಟು ಸಡಿಲಗೊಳಿಸಿತು.

ನಮ್ಮ ದೇಶದ ಬಗ್ಗೆಯೂ ಕೇಳುತ್ತಾರೆ: ಬ್ರಿಟಿಷರ 1898ರ ಕುಷ್ಠರೋಗಿಗಳ ಕಾಯ್ದೆಯನ್ನು ಭಾರತ ರದ್ದು ಮಾಡಿದ್ದು 2016ರಲ್ಲಿ, ವಿಚ್ಛೇದನಕ್ಕೆ ಕುಷ್ಠ ಒಂದು ಕಾರಣ ಎಂಬುದನ್ನು ವೈಯಕ್ತಿಕ ಕಾನೂನುಗಳಿಂದ ತೆಗೆದದ್ದು 2019ರಲ್ಲಿ. ಫಿಲಿಪ್ಪೀನ್ಸಿನ ಕಡೆ ಬೆರಳು ತೋರಿಸುವ ಮುನ್ನ ಈ ಎರಡು ಇಸವಿ ನೆನಪಿರಲಿ.

ವಸಾಹತು ಊರಾದದ್ದು ಹೇಗೆ?

ದಶಕಗಳ ಕಾಲ ಕುಲಿಯೋನ್ ಆರೋಗ್ಯ ಇಲಾಖೆಯ ಮೀಸಲು ಪ್ರದೇಶ; ಅಲ್ಲಿನವರಿಗೆ ತಮ್ಮದೇ ಮೇಯರ್ ಇರಲಿಲ್ಲ. 1992ರ 7193ನೆಯ ಗಣರಾಜ್ಯ ಕಾಯ್ದೆ ಅದನ್ನು ಪಲವಾನ್ ಪ್ರಾಂತ್ಯದ ಪುರಸಭೆಯನ್ನಾಗಿ ಮಾಡಿತು, 1995ರಲ್ಲಿ ಮೊದಲ ಸ್ಥಳೀಯ ಚುನಾವಣೆ ನಡೆಯಿತು. ಗೆದ್ದ ಹಿಲೇರಿಯನ್ ಗಿಯಾ ಸ್ವತಃ ಕುಷ್ಠದಿಂದ ಗುಣಮುಖರಾದವರು. ಹಳೆಯ ವಸಾಹತಿನ ಆಸ್ಪತ್ರೆ ಈಗ ಸುತ್ತಲ ದ್ವೀಪಗಳ ಜನರಿಗೆಲ್ಲ ಸಾಮಾನ್ಯ ಆಸ್ಪತ್ರೆ. ಹೆರಿಗೆಗೂ ಜ್ವರಕ್ಕೂ ಜನ ಅಲ್ಲಿಗೇ ಬರುತ್ತಾರೆ.

ಮೂಲನಿವಾಸಿ ತಗ್ಬನ್ವಾ ಜನ ಎಲ್ಲಿ ಹೋದರು?

ವಸಾಹತಿಗೆ ಜಾಗ ಮಾಡಲು ಅವರನ್ನು ಎಬ್ಬಿಸಿದರು. ದ್ವೀಪದ ದೂರದ ಭಾಗಗಳಿಗೆ, ಅಕ್ಕಪಕ್ಕದ ದ್ವೀಪಗಳಿಗೆ ಹೋದರು. ಇಂದಿಗೂ ಕಲಮಿಯಾನೆಸ್‌ನಲ್ಲಿ ಇದ್ದಾರೆ. ಕುಲಿಯೋನಿನ ಕಥೆ ಹೇಳುವವರು, ನನ್ನನ್ನೂ ಸೇರಿಸಿ, ರೋಗಿಗಳಿಂದ ಶುರುಮಾಡುತ್ತೇವೆ. ಬಲವಂತವಾಗಿ ಮೊದಲು ಒಕ್ಕಲೆಬ್ಬಿಸಿದ್ದು ಇವರನ್ನು.

ಯುನೆಸ್ಕೊ ಪಟ್ಟಿಯಲ್ಲಿ ಕುಲಿಯೋನ್ ಇದೆಯಂತೆ. ಕೋಟೆಗಾಗಿಯೇ?

ಕೋಟೆಗಾಗಿ ಅಲ್ಲ, ಕಾಗದಗಳಿಗಾಗಿ. 2018ರಲ್ಲಿ ಕುಲಿಯೋನಿನ ಕುಷ್ಠರೋಗ ದಾಖಲೆಗಳು ಯುನೆಸ್ಕೊದ ಏಷ್ಯಾ-ಪೆಸಿಫಿಕ್ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದವು. ರೋಗಿಗಳ ಕಡತ, ಛಾಯಾಚಿತ್ರ, ಪ್ರಯೋಗಾಲಯದ ದಾಖಲೆ, ಉಪಕರಣಗಳು ಹಳೆಯ ಪ್ರಯೋಗಾಲಯದಲ್ಲಿರುವ ವಸ್ತುಸಂಗ್ರಹಾಲಯದಲ್ಲಿವೆ. ಇವನ್ನು ಕಾಪಾಡಿದವರಲ್ಲಿ ಮುಖ್ಯರಾದ ಡಾ. ಆರ್ಟುರೊ ಕುನಾನನ್ ರೋಗಿಗಳ ವಂಶದಲ್ಲಿ ಹುಟ್ಟಿದವರು. ಬಹು ಔಷಧ ಚಿಕಿತ್ಸೆಯನ್ನು ದ್ವೀಪದಲ್ಲಿ ನಡೆಸಿ ರೋಗವನ್ನು ಹಿಮ್ಮೆಟ್ಟಿಸಿದ ವೈದ್ಯರೂ ಅವರೇ.

ಕಳಂಕ ಹೊತ್ತ ಊರುಗಳು ಸಾಮಾನ್ಯವಾಗಿ ಹೆಸರು ಬದಲಿಸಿಕೊಳ್ಳುತ್ತವೆ, ಕಡತ ಸುಡುತ್ತವೆ, ಕಡಲತೀರದ ಫೋಟೊ ಹಾಕಿ ಹೊಸದಾಗಿ ಶುರುಮಾಡುತ್ತವೆ. ಕುಲಿಯೋನಿಗೂ ಒಳ್ಳೆಯ ಕಡಲತೀರಗಳಿವೆ. ಆದರೂ ಕೂಡಿಹಾಕಲ್ಪಟ್ಟವರ ಮೊಮ್ಮಕ್ಕಳು ಕೂಡಿಹಾಕಿದವರ ಬರವಣಿಗೆಯನ್ನು ಗೆದ್ದಲಿಗೆ ಕೊಡದೆ ಇಟ್ಟುಕೊಂಡರು. ಪರಂಪರೆ ಎಂದರೆ ಕುಲಿಯೋನಿನಲ್ಲಿ ನನಗೆ ಕಾಣುವುದು ಇದೇ. ಕೋಟೆ ಪಲವಾನಿನಲ್ಲಿ ಬೇರೆಯೂ ಇವೆ.

‘ಕುಷ್ಠರೋಗಿ’ ಎನ್ನಬಾರದೇ? ಹಾಗಾದರೆ ಏನನ್ನಬೇಕು?

ಹಳ್ಳಿಗಳಲ್ಲಿ ಹೆಸರೆತ್ತಲು ಹೆದರಿ ‘ದೊಡ್ಡ ರೋಗ’ ಎನ್ನುತ್ತಿದ್ದರು. ತಗಲೊಗ್‌ನಲ್ಲಿ ರೋಗಕ್ಕೆ ಕೆತೋಂಗ್, ರೋಗಿಗೆ ಕೆತೋಂಗಿನ್. ಎರಡನೆಯದು ಬೈಗುಳವೂ ಹೌದು. ಚಿಕಿತ್ಸೆಯಲ್ಲಿರುವವರನ್ನು ರೋಗಿ ಎನ್ನುವುದರಲ್ಲಿ ತಪ್ಪಿಲ್ಲ, ಈ ಬರಹದಲ್ಲಿ ನಾನೂ ಹಾಗೆಯೇ ಬಳಸಿದ್ದೇನೆ. ಗುಣವಾದವರನ್ನು ಸಾಯುವವರೆಗೂ ಹಾಗೆ ಕರೆಯುವುದು ತಪ್ಪು. ಮಲೇರಿಯಾ ಬಂದು ಹೋದವರನ್ನು ಯಾರೂ ಮಲೇರಿಯಾದವನು ಎನ್ನುವುದಿಲ್ಲವಲ್ಲ.

ಕರ್ನಾಟಕಕ್ಕೂ ಕುಲಿಯೋನಿಗೂ ಏನಾದರೂ ನಂಟಿದೆಯೇ?

ಒಂದಿದೆ, ಅದೂ ಮರದ ಮೂಲಕ. ಮನಿಲಾದಲ್ಲೂ ಕುಲಿಯೋನಿನಲ್ಲೂ ಚುಚ್ಚುತ್ತಿದ್ದ ಚಾಲ್ಮೂಗ್ರಾ ಎಣ್ಣೆ ಹಿಡ್ನೊಕಾರ್ಪಸ್ ಜಾತಿಯ ಮರಗಳ ಬೀಜದ್ದು. ಅಸ್ಸಾಂ-ಬರ್ಮಾ ಕಡೆಯ ಮರ ಒಂದು. ಇನ್ನೊಂದು ಪಶ್ಚಿಮಘಟ್ಟದ್ದು, ಅದರ ಎಣ್ಣೆಯನ್ನು ವೈಟಿಯಾನಾ ಎಂಬ ಹೆಸರಿನಲ್ಲಿ ಕುಲಿಯೋನಿನ ವೈದ್ಯರು ಬಳಸಿದರು. ಸುಶ್ರುತ ಸಂಹಿತೆಯಲ್ಲಿ ತುವರಕ ಎಂದು ವರ್ಣಿತವಾದದ್ದು ಇದೇ ಎಂದು ಗುರುತಿಸುತ್ತಾರೆ. ಕನ್ನಡದಲ್ಲಿ ಗರುಡಫಲ, ಸುರಂಟಿ ಎಂಬ ಹೆಸರುಗಳಿವೆ. ಮಲೆನಾಡು, ಕರಾವಳಿಯ ಹಳ್ಳದಂಚಿನಲ್ಲಿ ಕಂದುಬಣ್ಣದ ಗಟ್ಟಿ ಸಿಪ್ಪೆಯ ಉರುಟು ಕಾಯಿ ಬಿಡುವ ಮರ ಕಂಡರೆ ಅದೇ ಇರಬಹುದು. ಸಲ್ಫೋನ್ ಬಂದ ಮೇಲೆ ಆ ಎಣ್ಣೆಯನ್ನು ಕುಲಿಯೋನಿನಲ್ಲಿ ಯಾರೂ ಕೇಳಲಿಲ್ಲ. ಕಾಯಿ ಈಗಲೂ ಹಳ್ಳಕ್ಕೆ ಉದುರುತ್ತದೆ, ಮೀನು ತಿನ್ನುತ್ತವೆ.